ಹಳೇ ಟಿಲ್ಲರ್: ಎಂಜಿನ್ ಬಿಚ್ಚುವ ಮೊದಲು

ಮುಂಗಾರು ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು. "ಪವರ್ ಟಿಲ್ಲರ್ ಹೋದ ವರ್ಷದಿಂದ ಕೊಟ್ಟಿಗೆಯಲ್ಲೇ ನಿಂತಿದೆ. ಎಷ್ಟು ಹ್ಯಾಂಡಲ್ ಹೊಡೆದರೂ ಸ್ಟಾರ್ಟ್ ಆಗ್ತಿಲ್ಲ. ಎಂಜಿನ್ ಹೋಗಿದೆ ಅನ್ಸುತ್ತೆ, ಕಿಟ್ ಹಾಕಿಬಿಡಿ ಮಾರಾಯ್ರೇ." ಕಿಟ್ ಅಂದರೆ ಪಿಸ್ಟನ್, ಅದರ ಸುತ್ತಿನ ರಿಂಗ್, ಅದು ಓಡಾಡುವ ಸಿಲಿಂಡರಿನ ಒಳಕೊಳವೆ ಲೈನರ್, ಮೂರೂ ಸೇರಿದ ಸೆಟ್. ನಾನು ಕಿಟ್ ಹಾಕಿದರೆ ನನಗೆ ದುಡ್ಡು, ನಿಜ. ಆದರೆ ಹೀಗೆ ಬರುವ ಟಿಲ್ಲರ್‌ಗಳಲ್ಲಿ ಹೆಚ್ಚಿನವುಗಳ ಎಂಜಿನ್ ಹೋಗಿರುವುದೇ ಇಲ್ಲ. ಗಾಳಿ ಸರಿಯಾಗಿ ಹೋಗುತ್ತಿರುವುದಿಲ್ಲ, ಡೀಸೆಲ್ ಸರಿಯಾಗಿ ಬರುತ್ತಿರುವುದಿಲ್ಲ, ಇಲ್ಲವೇ ವಾಲ್ವ್ ಕಚ್ಚಿಕೊಂಡಿರುತ್ತದೆ. ಇದು ಗೊತ್ತಾಗದೆ ಎಂಜಿನ್ ಬಿಚ್ಚಿಸಿದರೆ ಖರ್ಚೂ ಜಾಸ್ತಿ, ಫ್ಯಾಕ್ಟರಿಯಲ್ಲಿ ಕೂತಿದ್ದ ಹೊಂದಾಣಿಕೆಯೂ ಹಾಳು.

ನಮ್ಮ ಅಡಿಕೆ ತೋಟ, ಗದ್ದೆಗಳಿಗೆ ಚಿಕ್ಕ ಟ್ರ್ಯಾಕ್ಟರ್ ಅಂದರೆ ಮೊದಲಿನಿಂದಲೂ ಹಿಂದೆ ನಡೆಯುತ್ತಾ ಓಡಿಸುವ ಈ ಟಿಲ್ಲರೇ. ಜಪಾನಿನ ಈ ಯಂತ್ರ ಭಾರತಕ್ಕೆ ಬಂದದ್ದು 1963ರಲ್ಲಿ. 1967ರಲ್ಲಿ ಬೆಂಗಳೂರಿನಲ್ಲಿ ವಿಎಸ್‌ಟಿ ಕಂಪನಿ ಮಿತ್ಸುಬಿಶಿ ಜೊತೆ ಸೇರಿ ಶುರುವಾಯಿತು. 1973ರಲ್ಲಿ ಕೇರಳ ಸರ್ಕಾರದ ಕ್ಯಾಮ್ಕೊ ಹುಟ್ಟಿತು, ಅದಕ್ಕೆ ಕುಬೋಟಾದ ತಂತ್ರಜ್ಞಾನ. ಮಲೆನಾಡು, ಕರಾವಳಿಯ ಕೊಟ್ಟಿಗೆಗಳಲ್ಲಿ ಇವತ್ತಿಗೂ ನಿಂತಿರುವ ಹಳೇ ಟಿಲ್ಲರ್‌ಗಳಲ್ಲಿ ಬಹುಪಾಲು ಈ ಎರಡು ಮನೆತನದವೇ. ವಿಎಸ್‌ಟಿ ಶಕ್ತಿ 130 ತೆಗೆದುಕೊಳ್ಳಿ. ಮಲಗಿಸಿಟ್ಟ ಒಂದೇ ಸಿಲಿಂಡರ್, 95 ಮಿಲಿಮೀಟರ್ ಬೋರ್, ಅಷ್ಟೇ ಸ್ಟ್ರೋಕ್, 673 ಸಿಸಿ, 13 ಎಚ್‌ಪಿ. ನೀರಿನಿಂದ ತಣ್ಣಗಾಗುತ್ತದೆ, ಕೈಯಲ್ಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ವೈರಿಂಗ್ ಅನ್ನುವಂಥದ್ದೂ ಹೆಚ್ಚಿಲ್ಲ. ಕೆಟ್ಟದ್ದು ಎಲ್ಲಿ ಅಂತ ಕೈ, ಕಿವಿ, ಮೂಗಿನಲ್ಲೇ ಹುಡುಕಬಹುದಾದ ಯಂತ್ರ ಇದು.

ಮೊದಲು ಕಂಪ್ರೆಷನ್ ನೋಡಿ. ಡೀಸೆಲ್ ಎಂಜಿನ್‌ಗೆ ಪ್ಲಗ್ ಇಲ್ಲ, ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಹೊತ್ತಿಕೊಳ್ಳಬೇಕು. ಗಾಳಿ ಎಲ್ಲಾದರೂ ಸೋರಿದರೆ ಏನು ಮಾಡಿದರೂ ಹೊತ್ತಿಕೊಳ್ಳುವುದಿಲ್ಲ. ಇದನ್ನು ನೋಡಲು ಮೀಟರ್ ಬೇಡ. ಡೀಸೆಲ್ ಬಂದ್ ಮಾಡಿ, ಡಿಕಂಪ್ರೆಷನ್ ಲಿವರ್ (ಒತ್ತಿದ ಗಾಳಿಯನ್ನು ಹೊರಗೆ ಬಿಟ್ಟು ತಿರುಗಿಸುವುದನ್ನು ಹಗುರ ಮಾಡುವ ಲಿವರ್) ಮುಟ್ಟದೆ ಎಂಜಿನ್ ಬದಿಯ ಭಾರದ ಚಕ್ರವನ್ನು, ಅಂದರೆ ಫ್ಲೈವೀಲನ್ನು, ನಿಧಾನಕ್ಕೆ ಕೈಯಲ್ಲಿ ತಿರುಗಿಸಿ. ಬೆರಳು ಬೆಲ್ಟಿನಿಂದ ದೂರ ಇರಲಿ. ಎರಡು ಸುತ್ತು ತಿರುಗುವಷ್ಟರಲ್ಲಿ ಒಂದು ಸಲ ಫ್ಲೈವೀಲ್ ಗಟ್ಟಿಯಾಗಿ ತಡೆದು ನಿಲ್ಲಬೇಕು. ಬಿಟ್ಟರೆ ಹಿಂದಕ್ಕೆ ಜಗ್ಗಬೇಕು. ಹಾಗೆ ತಡೆದರೆ ಎಂಜಿನ್ ಜೀವಂತ ಇದೆ, ಬಿಚ್ಚುವ ಮಾತೇ ಬೇಡ.

ತಡೆಯದೆ ಸುಮ್ನೆ ಜಾರಿ ಹೋಯಿತಾ? ಆಗಲೂ ಅವಸರ ಬೇಡ. ಇನ್ನೊಬ್ಬರ ಹತ್ತಿರ ಫ್ಲೈವೀಲ್ ತಿರುಗಿಸಲು ಹೇಳಿ, ನೀವು ಕಿವಿಗೊಡಿ. ಏರ್ ಕ್ಲೀನರ್ ಕಡೆ ಉಸ್ ಅಂದರೆ ಇನ್‌ಲೆಟ್ ವಾಲ್ವ್ ಸೋರುತ್ತಿದೆ. ಸೈಲೆನ್ಸರ್‌ನಲ್ಲಿ ಕೇಳಿದರೆ ಎಗ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗ್ ಅಥವಾ ಲೈನರ್. ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಬಂದರೆ ಸಿಲಿಂಡರಿನ ಮುಚ್ಚಳದ (ಹೆಡ್) ಗ್ಯಾಸ್ಕೆಟ್. ಬಹಳ ದಿನ ನಿಂತ ಟಿಲ್ಲರ್‌ನಲ್ಲಿ ವಾಲ್ವ್ ಸೀಟಿನ ಮೇಲೆ ತುಕ್ಕು ಹಿಡಿದು ಪೂರ್ತಿ ಮುಚ್ಚದೇ ಇರುವುದು ಸಾಮಾನ್ಯ. ಅದಕ್ಕೆ ಹೆಡ್ ಮಾತ್ರ ಇಳಿಸಿ ವಾಲ್ವ್ ಗ್ರೈಂಡ್ ಮಾಡಿದರೆ, ಅಂದರೆ ಸೀಟಿಗೆ ಉಜ್ಜಿ ಕೂರಿಸಿದರೆ, ಸಾಕು. ಪಿಸ್ಟನ್ ಮುಟ್ಟಬೇಕಾಗಿಲ್ಲ.

ಸಿಲಿಂಡರ್‌ಗೆ ಎರಡು ಹನಿ ಆಯಿಲ್ ಬಿಟ್ಟು ನೋಡಿ, ಕಂಪ್ರೆಷನ್ ಏರಿದರೆ ರಿಂಗ್ ಹೋಗಿದೆ ಅಂತ ಲೆಕ್ಕ ಎಂದು ಕೆಲವರು ಹೇಳುತ್ತಾರೆ. ನಿಂತ ಸಿಲಿಂಡರ್‌ಗೆ ಆ ಮಾತು ಸರಿ. ಇಲ್ಲಿ ಸಿಲಿಂಡರ್ ಮಲಗಿದೆ ಅಲ್ವಾ, ಆಯಿಲ್ ಕೆಳಗಿನ ಬದಿಗೆ ಹೋಗಿ ಕೂರುತ್ತದೆ. ರಿಂಗಿನ ಸುತ್ತ ಹರಡುವುದಿಲ್ಲ. ಹಾಗಾಗಿ ಟಿಲ್ಲರ್ ಎಂಜಿನ್‌ಗೆ ಈ ಪರೀಕ್ಷೆಯನ್ನು ನಾನು ನಂಬುವುದಿಲ್ಲ.

ಕಂಪ್ರೆಷನ್ ಇದ್ದೂ ಸ್ಟಾರ್ಟ್ ಆಗದಿದ್ದರೆ ಡೀಸೆಲ್ ಕಡೆ ಬನ್ನಿ. ವರ್ಷಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ನೀರು, ತುಕ್ಕು, ಜೊತೆಗೆ ಲೋಳೆಯಂಥ ಕೊಳೆ ಇರುತ್ತದೆ. ಟ್ಯಾಂಕ್ ಕಳಚಿ, ತೊಳೆದು, ಒಣಗಿಸಿ. ಫಿಲ್ಟರ್ ತೊಳೆದು ಹಾಕಬೇಡಿ, ಹೊಸದು ಹಾಕಿ. ಆಮೇಲೆ ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಬೋಲ್ಟ್ ಸಡಿಲ ಮಾಡಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಬಿಡಿ, ಬಿಗಿ ಮಾಡಿ. ಡೀಸೆಲ್ ಪಂಪಿನ ಹತ್ತಿರವೂ ಹಾಗೆಯೇ. ಕೊನೆಗೆ ನಾಜಲ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮುಕಿಸುವ ಭಾಗ) ಕಡೆಯ ಸ್ಟೀಲ್ ಪೈಪಿನ ನಟ್ ಸಡಿಲಿಸಿ ಎಂಜಿನ್ ತಿರುಗಿಸಿ. ಅಲ್ಲಿ ಡೀಸೆಲ್ ಚಿಮ್ಮಿದ ಮೇಲೆ ನಟ್ ಬಿಗಿಯಿರಿ. ಈಗ ತಿರುಗಿಸಿದರೆ ನಾಜಲ್ ಕಿರ್ರ್ ಅನ್ನಬೇಕು. ಆ ಸದ್ದು ಇಲ್ಲದಿದ್ದರೆ ನಾಜಲ್ ಬಿಚ್ಚಿ, ಟೆಸ್ಟರ್ ಇರುವ ಪಂಪ್ ಅಂಗಡಿಗೆ ಕೊಡಿ. ಮನೆಯಲ್ಲಿ ಸೂಜಿ ಹಾಕಿ ಕೆರೆಯುವುದು ಬೇಡ. ನಾಜಲ್ ಚಿಮ್ಮುವ ಕಡೆಗೆ ಕೈ ಹಿಡಿದು ನೋಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಂಡರೂ ಬೆರಳೇ ಕಳೆದುಕೊಳ್ಳುವ ಗಾಯ ಅದು. ತಗುಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊತ್ತು ಓಡುತ್ತದೆ, ಆಮೇಲೆ ಉಸಿರುಗಟ್ಟಿದ ಹಾಗೆ ನಿಲ್ಲುತ್ತದೆ. ಈ ದೂರಿಗೆ ಪಂಪ್ ಬದಲಾಯಿಸಿಕೊಂಡವರೂ ಇದ್ದಾರೆ. ಮೊದಲು ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ನೋಡಿ. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತದೆ. ನಮ್ಮ ಕಡೆ ಕುಂಬಾರ ಹುಳಕ್ಕೆ ಆ ತೂತು ಬಹಳ ಇಷ್ಟ, ಮಣ್ಣು ಮೆತ್ತಿ ಮುಚ್ಚಿಬಿಡುತ್ತದೆ. ಡೀಸೆಲ್ ಕೆಳಗೆ ಹರಿದ ಹಾಗೆ ಮೇಲೆ ಗಾಳಿ ಬರದಿದ್ದರೆ ಹರಿವು ನಿಲ್ಲುತ್ತದೆ. ಒಂದು ತಂತಿ ಚುಚ್ಚಿದರೆ ಕೆಲಸ ಮುಗಿಯಿತು. ಸೈಲೆನ್ಸರ್ ಬಾಯಿಯನ್ನೂ ಹಾಗೆಯೇ ನೋಡಿ. ಅಲ್ಲಿ ಹುಳದ ಗೂಡಿನ ಜೊತೆ ಇಲಿಯ ಸಂಸಾರವೂ ಇರಬಹುದು.

ಗಾಳಿಯ ವಿಷಯಕ್ಕೆ ಬಂದರೆ, ಎಂಜಿನ್‌ಗಳನ್ನು ನಿಜವಾಗಿ ಕೊಲ್ಲುವುದು ಏರ್ ಕ್ಲೀನರ್. ಹಳೇ ಟಿಲ್ಲರ್‌ಗಳಲ್ಲಿ ಆಯಿಲ್ ತುಂಬುವ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಒಣ ನೆಲ ಉಳುವಾಗ ಎದ್ದ ಧೂಳು ಅದರಲ್ಲಿ ಕೆಸರಾಗಿ ಕೂರುತ್ತದೆ. ಕೆಸರು ತುಂಬಿದರೆ ಎಂಜಿನ್ ಕಪ್ಪು ಹೊಗೆ ಬಿಟ್ಟು ಸೋಲುತ್ತದೆ. ಆಯಿಲ್ಲೇ ಇಲ್ಲದಿದ್ದರೆ ಧೂಳು ನೇರ ಲೈನರ್‌ಗೆ ಹೋಗಿ ಮರಳು ಕಾಗದದ ಕೆಲಸ ಮಾಡುತ್ತದೆ. ಒಣ ಉಳುಮೆ ದಿನಗಳಲ್ಲಿ ದಿನಾ ನೋಡಬೇಕು. ಹಾಗಂತ ಗೆರೆ ಮೀರಿ ಆಯಿಲ್ ತುಂಬಬೇಡಿ. ಹೆಚ್ಚಾದ ಆಯಿಲನ್ನು ಎಂಜಿನ್ ಎಳೆದುಕೊಂಡರೆ ಅದನ್ನೇ ಉರಿಸಿಕೊಂಡು ಓಡಲು ಶುರು ಮಾಡುತ್ತದೆ. ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ, ಸ್ಪೀಡ್ ಏರುತ್ತಲೇ ಹೋಗುತ್ತದೆ. ಆಗ ಗಾಳಿ ಒಳಗೆ ಹೋಗುವ ಬಾಯಿಗೆ ಹಲಗೆ ಒತ್ತಿ ಮುಚ್ಚುವುದೇ ಸರಿಯಾದ ದಾರಿ. ಅಂಗೈ ಇಡಬೇಡಿ.

ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಯಲುಸೀಮೆಯ ಬೋರ್‌ವೆಲ್ ಗಡಸು ನೀರು ಹಾಕಿದರೆ ಎಂಜಿನ್ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ರೇಡಿಯೇಟರ್ ಎಷ್ಟು ತೊಳೆದರೂ ಬಿಸಿ ಇಳಿಯುವುದಿಲ್ಲ. ಮಳೆ ನೀರು ಹಿಡಿದಿಟ್ಟು ಹಾಕಿದರೆ ಒಳ್ಳೆಯದು. ಒಂದು ಪರೀಕ್ಷೆ ಮಾತ್ರ ಮರೆಯಬೇಡಿ. ಟಿಲ್ಲರ್ ರಾತ್ರಿಯಿಡೀ ಅಲುಗಾಡದೆ ನಿಲ್ಲಲಿ. ಬೆಳಿಗ್ಗೆ ಎಂಜಿನ್ ಆಯಿಲಿನ ಡ್ರೈನ್ ಬೋಲ್ಟ್ ನಿಧಾನಕ್ಕೆ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ಹಾಗಾಗಿ ಅದೇ ಮೊದಲು ಬರುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ಗ್ಯಾಸ್ಕೆಟ್ ಅಥವಾ ಲೈನರಿನ ರಬ್ಬರ್ ರಿಂಗ್ ಹೋಗಿದೆ ಅಂತ ಅರ್ಥ. ಅದನ್ನು ಸರಿ ಮಾಡುವ ಮೊದಲು ಎಂಜಿನ್ ಓಡಿಸಿದರೆ ಬೇರಿಂಗ್ ಕಥೆ ಮುಗಿಯಿತು.

ಇಷ್ಟೆಲ್ಲ ನೋಡಿದ ಮೇಲೂ ಕಂಪ್ರೆಷನ್ ಇಲ್ಲ, ನೀಲಿ ಹೊಗೆ ಬರುತ್ತಿದೆ, ಆಯಿಲ್ ಕುಡಿಯುತ್ತಿದೆ ಅಂದರೆ ಬಿಚ್ಚಲೇಬೇಕು. ಆಗ ಪೂರ್ತಿ ಕಿಟ್ ಹಾಕಿಸಿ. ಲೈನರ್, ಪಿಸ್ಟನ್, ರಿಂಗ್ ಮೂರೂ ಸೇರಿದ ಸೆಟ್. ಸವೆದ ಲೈನರ್‌ಗೆ ಹೊಸ ರಿಂಗ್ ಹಾಕಿ ದುಡ್ಡು ಉಳಿಸುವ ಉಪಾಯ ಒಂದು ಮಳೆಗಾಲ ದಾಟುವುದೂ ಕಷ್ಟ. ಬಿಡಿಭಾಗ ತರಲು ಹೋಗುವಾಗ ಹಳೇ ಭಾಗವನ್ನೂ, ಎಂಜಿನ್ ನಂಬರ್ ಪ್ಲೇಟಿನ ಫೋಟೋವನ್ನೂ ಜೊತೆಗೆ ಒಯ್ಯಿರಿ. ನೋಡಲು ಒಂದೇ ಥರ ಇದ್ದು ಅರ್ಧ ಮಿಲಿಮೀಟರ್ ವ್ಯತ್ಯಾಸ ಇರುವ ನಕಲಿ ಮಾಲು ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿದೆ. ಹೊಸ ಕಿಟ್ ಹಾಕಿದ ಎಂಜಿನ್‌ಗೆ ಮೊದಲ ಕೆಲವು ದಿನ ಹಗುರ ಕೆಲಸ ಕೊಡಿ. ಮೊದಲ ಆಯಿಲ್ ಬೇಗ ಬದಲಾಯಿಸಿ. ಸವೆದ ಲೋಹದ ಪುಡಿ ಅದರಲ್ಲೇ ಇರುತ್ತದೆ.

ಎಂಜಿನ್ ಸರಿ ಇದ್ದೂ ಟಿಲ್ಲರ್‌ಗೆ ಶಕ್ತಿ ಇಲ್ಲ ಅನ್ನುವವರು ಬೆಲ್ಟ್ ನೋಡಿರುವುದಿಲ್ಲ. ಬೆಲ್ಟ್ ಬದಲಾಯಿಸುವಾಗ ಸೆಟ್ ಪೂರ್ತಿ ಬದಲಾಯಿಸಿ. ಹಳೆಯದು ಹಿಗ್ಗಿರುತ್ತದೆ, ಅವುಗಳ ಜೊತೆ ಒಂದೇ ಹೊಸದು ಹಾಕಿದರೆ ಭಾರವೆಲ್ಲ ಅದರ ಮೇಲೇ ಬಿದ್ದು ಬೇಗ ಹರಿಯುತ್ತದೆ. ಕ್ಲಚ್ ಪ್ಲೇಟ್‌ಗಳು ಒಣಗಿರಬೇಕು. ಆಯಿಲ್ ಸೀಲ್ ಸೋರಿ ಪ್ಲೇಟ್ ನೆನೆದಿದ್ದರೆ ಪ್ಲೇಟ್ ಮಾತ್ರ ಬದಲಾಯಿಸಿ ಸುಖವಿಲ್ಲ, ಸೀಲ್ ಮೊದಲು. ರೋಟರಿ (ಹಿಂದೆ ತಿರುಗುತ್ತಾ ಮಣ್ಣು ಅಗೆಯುವ ಬ್ಲೇಡುಗಳ ಭಾಗ) ಶಾಫ್ಟಿನ ತುದಿಗಳನ್ನು ಕೆಲಸ ಮುಗಿದ ಮೇಲೆ ಪ್ರತಿ ಸಲ ನೋಡಿ. ಹುಲ್ಲು, ಪ್ಲಾಸ್ಟಿಕ್ ದಾರ, ತೋಟದಲ್ಲಿ ಬಿದ್ದ ಡ್ರಿಪ್ ಪೈಪ್ ಎಲ್ಲ ಅಲ್ಲಿ ಸುತ್ತಿಕೊಂಡು ಸೀಲನ್ನು ಕೊಯ್ಯುತ್ತವೆ. ಆಮೇಲೆ ಗದ್ದೆಯ ಕೆಸರು ನೀರು ಒಳಗೆ ಹೋಗುತ್ತದೆ. ಬ್ಲೇಡಿನಲ್ಲಿ ಎಡ ಬಲ ಅಂತ ಇದೆ, ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಬ್ಲೇಡ್ ಬೋಲ್ಟ್ ಗಟ್ಟಿ ಉಕ್ಕಿನದು. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟ್ ಹಾಕಿದರೆ ಕಲ್ಲಿಗೆ ಬಡಿದಾಗ ತುಂಡಾಗಿ ಬ್ಲೇಡ್ ಹಾರಬಹುದು.

ಸ್ಟಾರ್ಟ್ ಆದರೆ ಸಾಕು, ಉಳಿದದ್ದು ಆಮೇಲೆ ಅನ್ನುವವರ ಜೊತೆ ನಾನು ಜಗಳ ಮಾಡುವುದು ಸ್ಟೇರಿಂಗ್ ಕ್ಲಚ್, ಬ್ರೇಕ್ ಮತ್ತು ರಿವರ್ಸ್ ಬಗ್ಗೆ. ಸಮತಟ್ಟಿನಲ್ಲಿ ಸ್ಟೇರಿಂಗ್ ಕ್ಲಚ್ಚಿನ ಎಡಗೈ ಲಿವರ್ ಹಿಡಿದರೆ ಎಡ ಚಕ್ರದ ಸಂಪರ್ಕ ತಪ್ಪುತ್ತದೆ, ಬಲ ಚಕ್ರ ತಳ್ಳುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇದು ಉಲ್ಟಾ. ಅಲ್ಲಿ ಎಂಜಿನ್ ತಳ್ಳುವುದಿಲ್ಲ, ಹಿಡಿದಿಡುತ್ತದೆ. ಎಡ ಲಿವರ್ ಹಿಡಿದರೆ ಎಡ ಚಕ್ರ ಸ್ವತಂತ್ರವಾಗಿ ಮುಂದೆ ಓಡುತ್ತದೆ, ಟಿಲ್ಲರ್ ಬಲಕ್ಕೆ ಹೊರಳುತ್ತದೆ. ಬಯಲಿನಲ್ಲಿ ಓಡಿಸಿ ಕಲಿತವರು ನಮ್ಮ ಘಟ್ಟದ ದಾರಿಯಲ್ಲಿ, ಅದೂ ಟ್ರೇಲರ್ ತುಂಬ ಅಡಿಕೆ ಹೇರಿಕೊಂಡು, ಚರಂಡಿಗೆ ಇಳಿಯುವುದು ಇದರಿಂದಲೇ. ಇಳಿಯುವಾಗ ಕಡಿಮೆ ಗೇರ್, ಲಿವರ್ ಮುಟ್ಟದೆ ಹ್ಯಾಂಡಲ್ ತಳ್ಳಿ ತಿರುಗಿಸುವುದು, ಟ್ರೇಲರ್ ಬ್ರೇಕ್ ನೆಟ್ಟಗಿರುವುದು, ಇವು ಬೇಕೇ ಬೇಕು. ಸ್ಟೇರಿಂಗ್ ಕ್ಲಚ್ಚಿನ ಹಲ್ಲು ಸವೆದಿದ್ದರೆ ಟಿಲ್ಲರ್ ಲಿವರಿನ ಮಾತು ಸರಿಯಾಗಿ ಕೇಳುವುದಿಲ್ಲ. ಅದನ್ನು ಬದಲಾಯಿಸದೆ ಟಿಲ್ಲರ್ ರಸ್ತೆಗೆ ತರಬೇಡಿ.

ರಿವರ್ಸ್ ಹಾಕುವಾಗ ರೋಟರಿ ತಿರುಗುತ್ತಿರಬಾರದು. ಹಿಂದೆ ನಡೆಯುವ ಮನುಷ್ಯ ನೀವೇ, ಬ್ಲೇಡ್ ನಿಮ್ಮ ಕಾಲಿನ ಕಡೆಗೇ ಬರುತ್ತದೆ. ರೋಟರಿ ಹಾಕಿದ್ದಾಗ ರಿವರ್ಸ್ ಬೀಳದಂತೆ ಕೆಲವು ಮಾಡೆಲ್‌ಗಳಲ್ಲಿ ತಡೆ ಇರುತ್ತದೆ. ಹಳೆಯದರಲ್ಲಿ ಅದು ಸವೆದಿರುತ್ತದೆ, ಇಲ್ಲವೇ ಯಾರೋ ತೊಂದರೆ ಅಂತ ಕಿತ್ತು ಹಾಕಿರುತ್ತಾರೆ. ಎಂಜಿನ್ ಬಂದ್ ಮಾಡಿ ಗೇರ್ ಹಾಕಿ ಪರೀಕ್ಷಿಸಿ.

ಎಲ್ಲ ಟಿಲ್ಲರನ್ನೂ ಉಳಿಸಬೇಕು ಅಂತೇನಿಲ್ಲ. ಕ್ರ್ಯಾಂಕ್‌ಕೇಸ್ ಒಡೆದಿದ್ದರೆ, ಕನೆಕ್ಟಿಂಗ್ ರಾಡ್ ಗೋಡೆ ತೂರಿ ಹೊರಗೆ ಬಂದಿದ್ದರೆ ನಾನು ಬೆಸುಗೆ ಹಾಕಿಸುವುದಿಲ್ಲ. ಅದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ, ಗೇರ್‌ಬಾಕ್ಸ್, ಚಕ್ರ, ರೋಟರಿ ಇನ್ನೊಂದಕ್ಕೆ ಆಗುತ್ತವೆ. ವಿದೇಶದಿಂದ ಅಗ್ಗಕ್ಕೆ ಬಂದ ಟಿಲ್ಲರ್ ಇದ್ದವರು ಇನ್ನೂ ಯೋಚಿಸಬೇಕು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಟಿಲ್ಲರ್ ಆಮದಿಗೆ ನಿರ್ಬಂಧ ಹಾಕಿತು. ನಿಮ್ಮ ಮಾಡೆಲ್‌ನ ಪಂಪ್, ಗೇರ್ ನಿಮ್ಮ ಊರಿನ ಅಂಗಡಿಯಲ್ಲಿ ಸಿಗುತ್ತದಾ ಅಂತ ಕೇಳಿಕೊಂಡೇ ಮುಂದಿನ ಖರ್ಚು ಮಾಡಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಹೊಸ ಪೇಂಟ್ ಹೊಡೆದ ಟಿಲ್ಲರ್ ಕಂಡರೆ ಸ್ವಲ್ಪ ಹುಷಾರು. ಎಂಜಿನ್ ತಣ್ಣಗಿದ್ದಾಗ ಹೋಗಿ, ನಿಮ್ಮ ಕೈಯಲ್ಲೇ ಸ್ಟಾರ್ಟ್ ಮಾಡಿ. ನೀವು ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಸ್ಟಾರ್ಟ್ ಮಾಡುವಾಗ ಹ್ಯಾಂಡಲಿಗೆ ಹೆಬ್ಬೆರಳು ಸುತ್ತಬೇಡಿ, ಉಳಿದ ಬೆರಳುಗಳ ಬದಿಗೇ ಇರಲಿ. ಎಂಜಿನ್ ಹಿಂದಕ್ಕೆ ಒದ್ದರೆ ಮುರಿಯುವುದು ಹೆಬ್ಬೆರಳೇ.

ಕೆಲಸ ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿಗೆ ಡೀಸೆಲ್ ತುಂಬಿಡಿ. ಖಾಲಿ ಜಾಗ ಇದ್ದರೆ ಮಲೆನಾಡಿನ ತೇವ ಅಲ್ಲಿ ನೀರಾಗಿ ಇಳಿಯುತ್ತದೆ. ಹಳೇ ಆಯಿಲ್ ಬಿಟ್ಟು ಹೊಸದು ಹಾಕಿ, ಎರಡು ನಿಮಿಷ ಓಡಿಸಿ ನಿಲ್ಲಿಸಿ. ಬೆಲ್ಟ್ ಸಡಿಲ ಮಾಡಿ. ಸೈಲೆನ್ಸರ್ ಬಾಯಿಗೆ ಡಬ್ಬಿ ಕವುಚಿ. ಕೊನೆಗೆ ಫ್ಲೈವೀಲ್ ತಿರುಗಿಸಿ, ಕಂಪ್ರೆಷನ್ ಗಟ್ಟಿಯಾಗಿ ತಡೆಯುವ ಜಾಗದಲ್ಲೇ ನಿಲ್ಲಿಸಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಹೊರಗಿನ ತೇವದ ಗಾಳಿ ಸಿಲಿಂಡರ್ ಒಳಗೆ ಹೋಗಿ ಲೈನರ್‌ಗೆ ತುಕ್ಕು ಹಿಡಿಸುವುದಿಲ್ಲ. ತಿಂಗಳಿಗೊಮ್ಮೆ ನಾಲ್ಕು ಸುತ್ತು ತಿರುಗಿಸಿ ಮತ್ತೆ ಅಲ್ಲೇ ನಿಲ್ಲಿಸಿ.