ಅಂಕಣ ಬಿಟ್ಟು ಬೀದಿಗೆ ಬಂದ ಶೂ

ನಮ್ಮ ಶಾಲೆಯಲ್ಲಿ ಶನಿವಾರ ಬಿಳಿ ಕ್ಯಾನ್ವಾಸ್ ಶೂ ಕಡ್ಡಾಯ. ಪಾಲಿಶ್ ಮುಗಿದುಹೋಗಿದ್ದರೆ ಸೀಮೆಸುಣ್ಣವನ್ನು ಉಜ್ಜಿ ಕಲೆ ಮುಚ್ಚುತ್ತಿದ್ದೆವು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಪುಡಿ ಉದುರಿ ಗುಟ್ಟು ಬಯಲಾಗುತ್ತಿತ್ತು. ಮೇಲೆ ಹತ್ತಿಯ ದಪ್ಪ ಬಟ್ಟೆ, ಕೆಳಗೆ ರಬ್ಬರ್ ಅಟ್ಟೆ, ಎರಡರ ಕೂಡುಗೆರೆಯನ್ನು ಸುತ್ತಿ ಹಿಡಿದ ಒಂದು ರಬ್ಬರ್ ಪಟ್ಟಿ. ಆ ಶೂವಿನಲ್ಲಿ ಇದ್ದದ್ದು ಅಷ್ಟೇ. ಅದೇ ಮೈಕಟ್ಟಿನ, ಆದರೆ ಕಣಕಾಲು ಮುಚ್ಚುವಷ್ಟು ಎತ್ತರದ ಶೂ ಈಗ ಬೆಂಗಳೂರಿನ ಮೆಟ್ರೋದಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಕಣಕಾಲಿನ ಒಳಬದಿಗೆ ದುಂಡನೆಯ ಬಿಲ್ಲೆ, ಬಿಲ್ಲೆಯೊಳಗೆ ಒಂದು ನಕ್ಷತ್ರ, ನಕ್ಷತ್ರದ ಮೇಲೆ ಚಕ್ ಟೇಲರ್ ಎಂಬ ಸಹಿ. ಬ್ಯಾಸ್ಕೆಟ್‌ಬಾಲ್ ಆಟಕ್ಕೆಂದೇ ಹುಟ್ಟಿದ, ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ ಅದು. ಹಾಕಿಕೊಂಡವರಲ್ಲಿ ಎಷ್ಟು ಜನ ಆ ಆಟ ಆಡಿದ್ದಾರೋ ಕಾಣೆ.

ಈ ಶೂವಿನ ಕಥೆ ಆಟಕ್ಕಿಂತ ಮೊದಲು ರಬ್ಬರಿನದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ರಬ್ಬರ್ ಪಾದರಕ್ಷೆಗಳು ಬೇಸಿಗೆಯಲ್ಲಿ ಬೆಲ್ಲದ ಪಾಕದಂತೆ ಅಂಟುತ್ತಿದ್ದವು, ಚಳಿಗಾಲದಲ್ಲಿ ಕಟ್ಟಿಗೆಯಂತೆ ಬಿಗಿಯುತ್ತಿದ್ದವು. ಹಸಿ ರಬ್ಬರಿನ ಅಣುಗಳು ಬಹಳ ಉದ್ದದ ಸರಪಳಿಗಳು. ಬೇಯಿಸಿದ ಶಾವಿಗೆಯ ಎಳೆಗಳಂತೆ ಅವು ಒಂದರ ಮೇಲೊಂದು ಜಾರುತ್ತವೆ. ಎಳೆದ ರಬ್ಬರು ಪೂರ್ತಿಯಾಗಿ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಚಾರ್ಲ್ಸ್ ಗುಡ್‌ಇಯರ್ ಎಂಬಾತ ವರ್ಷಗಟ್ಟಲೆ ಇದರ ಹಿಂದೆ ಬಿದ್ದು, 1839ರಲ್ಲಿ, ಗಂಧಕ ಬೆರೆಸಿದ ರಬ್ಬರಿಗೆ ಬಿಸಿ ತಾಗಿದರೆ ಅದು ಕರಗುವ ಬದಲು ಗಟ್ಟಿಯಾಗುತ್ತದೆ ಎಂಬುದನ್ನು ಕಂಡುಕೊಂಡ. ಗಂಧಕದ ಪರಮಾಣುಗಳು ಅಕ್ಕಪಕ್ಕದ ಸರಪಳಿಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತವೆ. ಈಗ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮರಳುತ್ತದೆ. ನೂರು ಪಾಲು ರಬ್ಬರಿಗೆ ಎರಡು ಮೂರು ಪಾಲು ಗಂಧಕ ಸೇರಿದರೆ ಅಟ್ಟೆಗೆ ಒಗ್ಗುವ ಮೃದು ರಬ್ಬರು. ಮೂವತ್ತರ ಆಸುಪಾಸಿಗೆ ಹೋದರೆ ಹಳೆಯ ಫೌಂಟನ್ ಪೆನ್ನುಗಳ ಗಡಸು ರಬ್ಬರು, ಎಬೊನೈಟು. ವಲ್ಕನೀಕರಣ ಎಂದು ಕರೆಯುವ ಈ ಕ್ರಿಯೆಗೆ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ, 1860ರಲ್ಲಿ ಸಾಲಗಾರನಾಗಿಯೇ ಸತ್ತ. ಅವನ ಹೆಸರಿನ ಟೈರ್ ಕಂಪನಿ ಹುಟ್ಟಿದ್ದು 1898ರಲ್ಲಿ. ಅವನಿಗೂ ಅದಕ್ಕೂ ಹೆಸರಿನ ಹೊರತು ನಂಟಿಲ್ಲ.

ಕ್ಯಾನ್ವಾಸ್ ಶೂವಿಗೆ ಈ ಕ್ರಿಯೆ ಹೇಳಿ ಮಾಡಿಸಿದಂತಿದೆ. ಬಟ್ಟೆಯ ಮೇಲ್ಭಾಗವನ್ನು ಕಾಲಿನಾಕಾರದ ಅಚ್ಚಿಗೆ ಎಳೆದು ಕೂರಿಸಿ, ಅಟ್ಟೆ ಅಂಟಿಸಿ, ಸುತ್ತಲೂ ಇನ್ನೂ ಹದಗೊಳ್ಳದ ರಬ್ಬರ್ ಪಟ್ಟಿ ಸುತ್ತುತ್ತಾರೆ. ಬಳಿಕ ಇಡೀ ಶೂವನ್ನು ದೊಡ್ಡ ಪ್ರೆಶರ್ ಕುಕ್ಕರಿನಂಥ ಪಾತ್ರೆಯಲ್ಲಿಟ್ಟು, ನೂರು ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಶಾಖದಲ್ಲಿ ಬೇಯಿಸುತ್ತಾರೆ. ಹತ್ತಿ ಆ ಬಿಸಿಯನ್ನು ತಾಳಿಕೊಳ್ಳುತ್ತದೆ. ಪಟ್ಟಿ, ಅಟ್ಟೆ, ಬಟ್ಟೆ ಮೂರೂ ಒಂದೇ ಮೈಯಾಗಿ ಹೊರಬರುತ್ತವೆ.

ಮಾರ್ಕ್ವಿಸ್ ಮಿಲ್ಸ್ ಕಾನ್ವರ್ಸ್ 1908ರಲ್ಲಿ ಮಸಾಚುಸೆಟ್ಸ್ ರಾಜ್ಯದ ಮಾಲ್ಡನ್‌ನಲ್ಲಿ ಕಾರ್ಖಾನೆ ತೆರೆದಾಗ ಮಾಡುತ್ತಿದ್ದದ್ದು ಮಳೆ, ಹಿಮದ ದಿನಗಳಿಗೆ ಬೇಕಾದ ರಬ್ಬರ್ ಪಾದರಕ್ಷೆಗಳನ್ನು. ಅದೇ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, 1891ರ ಡಿಸೆಂಬರ್‌ನಲ್ಲಿ, ಚಳಿಗೆ ಒಳಗೆ ಕೂತ ಹುಡುಗರನ್ನು ಸಂಭಾಳಿಸಲು ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ ಹಣ್ಣಿನ ಬುಟ್ಟಿಗಳನ್ನು ವ್ಯಾಯಾಮಶಾಲೆಯ ಬಾಲ್ಕನಿಗೆ ಹೊಡೆದು ಹೊಸ ಆಟವೊಂದನ್ನು ಕಟ್ಟಿದ್ದ. 1917ರಲ್ಲಿ ಆ ಆಟಕ್ಕೆಂದೇ ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ ಶೂ ಬಂತು. ನಯವಾದ ಮರದ ನೆಲದಲ್ಲಿ ಗಕ್ಕನೆ ನಿಲ್ಲಲು ಗೀರುಗಳಿದ್ದ ಅಟ್ಟೆ, ಬೆರಳುಗಳಿಗೆ ರಬ್ಬರ್ ಟೊಪ್ಪಿಗೆ, ಒಳಬದಿಗೆ ಎರಡು ಗಾಳಿಕಿಂಡಿ. ಕಣಕಾಲು ಮುಚ್ಚುವ ಬಟ್ಟೆ ಮಾತ್ರ ಧೈರ್ಯ ತುಂಬಿದಷ್ಟು ಕೆಲಸ ಮಾಡುವುದಿಲ್ಲ. ಸುಲಭವಾಗಿ ಮಡಚುವ ಕ್ಯಾನ್ವಾಸ್, ಉಳುಕುವ ಕಾಲನ್ನು ಹಿಡಿದು ನಿಲ್ಲಿಸುವುದಾದರೂ ಹೇಗೆ?

ಸಹಿಯ ಚಕ್ ಟೇಲರ್ ಅಮೆರಿಕದ ಇಂಡಿಯಾನಾ ರಾಜ್ಯದ ಬ್ಯಾಸ್ಕೆಟ್‌ಬಾಲ್ ಆಟಗಾರ. 1920ರ ದಶಕದಲ್ಲಿ ಕಂಪನಿ ಸೇರಿ, ಕಾರಿನಲ್ಲಿ ಊರೂರು ಸುತ್ತಿ, ಶಾಲಾ ಕಾಲೇಜುಗಳಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದ, ಜೊತೆಗೆ ಶೂ ಮಾರುತ್ತಿದ್ದ. 1930ರ ದಶಕದಲ್ಲಿ ಅವನ ಹೆಸರು ಬಿಲ್ಲೆಗೇರಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿಗೆ ಪದಕದ ಆಟವಾದಾಗ ಅಮೆರಿಕದ ತಂಡ ಈ ಶೂ ತೊಟ್ಟಿತ್ತು. ಅಂತಿಮ ಪಂದ್ಯ ನಡೆದದ್ದು ಬಯಲಿನಲ್ಲಿ, ಸುರಿಯುವ ಮಳೆಯಲ್ಲಿ. ಕೆಸರಿನಲ್ಲಿ ಚೆಂಡು ಪುಟಿಯಲೇ ಇಲ್ಲ. ಅಮೆರಿಕ ಕೆನಡಾವನ್ನು 19–8ರಿಂದ ಸೋಲಿಸಿತು. 1962ರಲ್ಲಿ ಅಮೆರಿಕದ ವೃತ್ತಿಪರ ಆಟಗಾರ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದಾಗಲೂ ಕಾಲಲ್ಲಿದ್ದದ್ದು ಇದೇ.

ಆಮೇಲೆ ಆಟ ಅದನ್ನು ಕೈಬಿಟ್ಟಿತು. 1969ರಲ್ಲಿ ಅಡಿಡಾಸ್‌ನ ಚರ್ಮದ ಸೂಪರ್‌ಸ್ಟಾರ್ ಬಂತು. 70ರ ದಶಕದಲ್ಲಿ ಅಟ್ಟೆಯೊಳಗೆ ನೊರೆಯಂಥ ಫೋಮ್ ಸೇರಿತು. ಜಿಗಿದು ನೆಲಕ್ಕೆ ಬೀಳುವವನ ಕಾಲಿಗೆ ದೇಹದ ತೂಕದ ಹಲವು ಪಟ್ಟು ಪೆಟ್ಟು ತಗಲುತ್ತದೆ. ಫೋಮ್‌ನ ಗುಳ್ಳೆಗಳು ಅದುಮಿಕೊಂಡಾಗ ಪಾದ ನಿಲ್ಲಲು ಹೆಚ್ಚು ಸಮಯ ಸಿಗುತ್ತದೆ, ಪೆಟ್ಟಿನ ತುದಿ ಮೊಂಡಾಗುತ್ತದೆ. ಆಲ್ ಸ್ಟಾರ್‌ನ ತೆಳು ಅಟ್ಟೆಗೆ ಇದು ಸಾಧ್ಯವಿರಲಿಲ್ಲ. 1980ರ ಹೊತ್ತಿಗೆ ವೃತ್ತಿಪರ ಅಂಕಣಗಳಿಂದ ಅದು ಹೆಚ್ಚು ಕಡಿಮೆ ಮಾಯವಾಗಿತ್ತು.

ಅದು ಉಳಿದದ್ದಕ್ಕೆ ಈ ಸೋಲೇ ಕಾರಣ ಎಂದು ನನಗನ್ನಿಸುತ್ತದೆ. ಪೈಪೋಟಿಯಲ್ಲಿರುವ ಶೂ ಪ್ರತಿ ವರ್ಷ ಹೊಸ ಗುಣವೊಂದನ್ನು ಮೈಮೇಲೆ ಹೊತ್ತು ಬರಬೇಕು. ಹತ್ತು ವರ್ಷ ಕಳೆದರೆ ಆ ಗುಣವೇ ಅದರ ವಯಸ್ಸನ್ನು ಸಾರುತ್ತದೆ. ಪೈಪೋಟಿ ಬಿಟ್ಟ ಆಲ್ ಸ್ಟಾರ್‌ಗೆ ಬದಲಾಗುವ ಗರಜಿರಲಿಲ್ಲ. ಅಗ್ಗವಾಗಿದ್ದರಿಂದ ಹದಿಹರೆಯದವರು, ರಾಕ್ ಸಂಗೀತಗಾರರು ತೊಟ್ಟರು. ಬಿಳಿ ರಬ್ಬರಿನ ಮೇಲೆ ಪೆನ್ನಿನಿಂದ ಬರೆದರು. ಮಾಸಿ ಸುಕ್ಕುಗಟ್ಟಿದ ಮೇಲೆಯೇ ಚೆನ್ನಾಗಿ ಕಾಣುವ ಶೂ ಅದು. ರಸಾಯನಶಾಸ್ತ್ರವೂ ಅದರ ಕಡೆಗಿದೆ. ಆಧುನಿಕ ಶೂಗಳ ಪಾಲಿಯುರಿಥೇನ್ ಫೋಮ್ ಗಾಳಿಯ ತೇವದಿಂದ ನಿಧಾನವಾಗಿ ಒಡೆಯುತ್ತದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ದುಬಾರಿ ಶೂವಿನ ಅಟ್ಟೆಯೂ ಒಂದು ದಿನ ರೊಟ್ಟಿಯ ಚೂರಿನಂತೆ ಉದುರುತ್ತದೆ. ಕರಾವಳಿಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಧಕದ ಗಂಟು ಬಿದ್ದ ರಬ್ಬರಿಗೆ ತೇವದ ಭಯವಿಲ್ಲ. ಓಝೋನ್ ಮತ್ತು ಬಿಸಿಲಿಗೆ ಅದು ಬಿರುಕು ಬಿಡುತ್ತದೆ, ನಿಜ. ಆ ಗಂಟು ಬಿಚ್ಚುವುದು ಕಷ್ಟವಾದ್ದರಿಂದ ಹಳೆಯ ಅಟ್ಟೆಯನ್ನು ಕರಗಿಸಿ ಹೊಸದು ಮಾಡುವುದೂ ಸುಲಭವಲ್ಲ.

2001ರಲ್ಲಿ ದಿವಾಳಿಯಾದ ಕಾನ್ವರ್ಸನ್ನು 2003ರಲ್ಲಿ ನೈಕಿ ಕೊಂಡಿತು. ಅಂಕಣಗಳಲ್ಲಿ ಅದರ ಜಾಗ ಹಿಡಿದ ಕಂಪನಿಗಳಲ್ಲಿ ನೈಕಿಯೂ ಒಂದು. 2015ರಲ್ಲಿ ಒಳಗೆ ನೈಕಿಯ ಮೆತ್ತನೆಯ ಫೋಮ್ ಇಟ್ಟು ಎರಡನೆಯ ಆವೃತ್ತಿಯನ್ನು ಸದ್ದುಮಾಡಿ ಹೊರತಂದರು. ಕಾಲಿಗೆ ಹಿತವಾಗಿತ್ತು, ಆದರೆ ನಿರೀಕ್ಷೆಯಷ್ಟು ಮಾರಾಟವಾಗದೆ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಹಳೆಯದು ಮಾತ್ರ ಮಾರಾಟವಾಗುತ್ತಲೇ ಇದೆ.

ಈಚೆಗೆ ಅದಕ್ಕೊಂದು ಹೊಸ ಕಸುಬು ಸಿಕ್ಕಿದೆ. ಜಿಮ್‌ನಲ್ಲಿ ಭಾರದ ಕಬ್ಬಿಣ ಎತ್ತುವವರಿಗೆ ಅಟ್ಟೆ ಕುಸಿಯಬಾರದು. ಫೋಮ್ ಇದ್ದರೆ ಕಾಲು ತೊನೆಯುತ್ತದೆ, ನೆಲವನ್ನು ಒತ್ತಬೇಕಾದ ಬಲದಲ್ಲಿ ಒಂದಿಷ್ಟು ಅದನ್ನು ಹಿಸುಕುವುದಕ್ಕೇ ಹೋಗುತ್ತದೆ. ಹಾಗಾಗಿ ಅವರಲ್ಲಿ ಹಲವರು ಈ ಚಪ್ಪಟೆ, ತೆಳು ಅಟ್ಟೆಯ ಶೂವನ್ನೇ ಹುಡುಕಿ ಹಾಕಿಕೊಳ್ಳುತ್ತಾರೆ.