ಬುಡ ಹುಡುಕಿದ ಶಸ್ತ್ರಚಿಕಿತ್ಸೆ: ಇನ್ವರ್ಟೆಡ್ ಪ್ಯಾಪಿಲೋಮದ ಹಿನ್ನೆಲೆ

ಮೂಗಿನೊಳಗೆ ಬೆಳೆಯುವ ಇನ್ವರ್ಟೆಡ್ ಪ್ಯಾಪಿಲೋಮ ಅಪರೂಪದ ಗಡ್ಡೆ. ಅದು ಕ್ಯಾನ್ಸರ್ ಅಲ್ಲ. ಆದರೆ ತೆಗೆದ ಮೇಲೂ ಮರಳಿ ಬರುವ ಹಟ ಅದಕ್ಕಿದೆ. ನಡುವಯಸ್ಸು ದಾಟಿದ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಇದರ ಮುಖ್ಯ ಲಕ್ಷಣ, ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿಕೊಂಡಿರುವುದು. ಅಲರ್ಜಿಯಲ್ಲಿ ಸಾಮಾನ್ಯವಾಗಿ ಎರಡೂ ಕಡೆ ತೊಂದರೆ ಇರುತ್ತದಾದ್ದರಿಂದ, ಒಂದೇ ಬದಿಯ ಕಟ್ಟುವಿಕೆಯನ್ನು ವೈದ್ಯರು ಹಗುರವಾಗಿ ಕಾಣುವುದಿಲ್ಲ.

ಗಡ್ಡೆ ಹುಟ್ಟುವ ಒಳಪೊರೆಗೆ 17ನೇ ಶತಮಾನದ ಜರ್ಮನ್ ವೈದ್ಯ ಶ್ನೈಡರ್ ಅವರ ಹೆಸರಿದೆ. ನೆಗಡಿಯ ಸಿಂಬಳ ಮೆದುಳಿನಿಂದ ಇಳಿಯುತ್ತದೆಂಬ ಹಳೆಯ ನಂಬಿಕೆಯನ್ನು ಅಲ್ಲಗಳೆದವರು ಅವರು. ಗಡ್ಡೆಯ ಮೊದಲ ವಿವರಣೆಗಳು 1850ರ ದಶಕದಲ್ಲಿ ಬಂದವು. ಅದರ ಮೇಲ್ಪದರ ಹೊರಗೆ ಚಾಚದೆ, ಕೈಗವಸಿನ ಬೆರಳನ್ನು ಒಳಕ್ಕೆ ಮಡಚಿದಂತೆ ಕೆಳಗಿನ ಅಂಗಾಂಶದತ್ತ ಇಳಿಯುತ್ತದೆಂಬುದನ್ನು 1938ರಲ್ಲಿ ಸ್ವೀಡನ್ನಿನ ರೋಗಶಾಸ್ತ್ರಜ್ಞ ರಿಂಗರ್ಟ್ಜ್ ವಿವರಿಸಿದರು.

ಹೊಳ್ಳೆಯ ಮೂಲಕ ಕಂಡಷ್ಟನ್ನು ಕಿತ್ತು ತೆಗೆಯುತ್ತಿದ್ದ ಕಾಲದಲ್ಲಿ, ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ಗಡ್ಡೆ ಮರುಕಳಿಸಿದ ವರದಿಗಳಿವೆ. ಆದ್ದರಿಂದ ಮೂಗಿನ ಪಕ್ಕದಲ್ಲಿ ಮುಖವನ್ನೇ ಕೊಯ್ದು, ಕೆನ್ನೆಯ ಸೈನಸ್ಸಿನ (ಮೂಳೆಯೊಳಗಿನ ಗಾಳಿ ತುಂಬಿದ ಟೊಳ್ಳಿನ) ಒಳಗೋಡೆಯನ್ನು ಇಡಿಯಾಗಿ ತೆಗೆಯುವ ಪದ್ಧತಿ ದಶಕಗಳ ಕಾಲ ನೆಲೆಯೂರಿತು. ಮರುಕಳಿಕೆ ತಗ್ಗಿತು, ಮುಖದ ಮೇಲೆ ಗಾಯದ ಗೆರೆ ಉಳಿಯಿತು.

1980ರ ದಶಕದ ನಂತರ ಹೊಳ್ಳೆಯ ಮೂಲಕವೇ ಒಳಗನ್ನು ನೋಡುವ ಕೊಳವೆ ಎಂಡೋಸ್ಕೋಪ್ ಮತ್ತು ಸಿ.ಟಿ. ಸ್ಕ್ಯಾನ್ ಒಟ್ಟಿಗೆ ಬಳಕೆಗೆ ಬಂದವು. ಹೀಗೆ ಹೊಳ್ಳೆಯ ಮೂಲಕ ಗಡ್ಡೆಯನ್ನು ತುಂಡುತುಂಡಾಗಿ ತೆಗೆದರೆ ಅಪಾಯವಲ್ಲವೇ ಎಂಬ ಹಿರಿಯ ಶಸ್ತ್ರವೈದ್ಯರ ಅನುಮಾನ ನ್ಯಾಯವಾದದ್ದೇ ಆಗಿತ್ತು. ಆದರೆ ಗಡ್ಡೆಯ ಬಹುಪಾಲು ಟೊಳ್ಳಿನಲ್ಲಿ ಸುಮ್ಮನೆ ತೂಗುತ್ತಿದ್ದು, ಸಾಮಾನ್ಯವಾಗಿ ಸಣ್ಣ ಜಾಗವೊಂದರಲ್ಲಷ್ಟೇ ಗೋಡೆಗೆ ಅಂಟಿರುತ್ತದೆ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಅಂಟಿದ ಈ ಬುಡದಲ್ಲಿ ಮೂಳೆ ದಪ್ಪಗಾಗಿರುವುದು ಸ್ಕ್ಯಾನಿನಲ್ಲಿ ಎಷ್ಟೋ ಸಲ ಮೊದಲೇ ಗೋಚರಿಸುತ್ತದೆ. ಇಂದು ತೂಗುವ ಭಾಗವನ್ನು ಮೊದಲು ತೆರವುಗೊಳಿಸಿ, ಬುಡದ ಪೊರೆಯನ್ನು ಸುತ್ತಲಿನ ಅಂಚಿನ ಸಮೇತ ಎಬ್ಬಿಸಿ, ಅಡಿಯ ಮೂಳೆಯನ್ನು ಡ್ರಿಲ್ಲಿನಿಂದ ಹೆರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಚಿಕಿತ್ಸೆಯನ್ನು ಬದಲಿಸಿದ್ದು ಉಪಕರಣಕ್ಕಿಂತ ಹೆಚ್ಚಾಗಿ ಬುಡದ ಈ ತಿಳಿವಳಿಕೆ. ಹಣೆಯ ಸೈನಸ್ಸಿನ ಮೂಲೆಯಂತಹ ಕಡೆ ಬುಡವಿದ್ದರೆ ಮಾತ್ರ ಹೊರಗಿನ ಕೊಯ್ತ ಈಗಲೂ ಬೇಕಾಗಬಹುದು.

2000ದಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞ ಕ್ರೌಸ್ ಇದರ ಹರಡುವಿಕೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. 2015ರಲ್ಲಿ ಜೀವಕೋಶಗಳ ಬೆಳವಣಿಗೆಗೆ ಸಂಬಂಧಿಸಿದ ಇಜಿಎಫ್ಆರ್ ಜೀನಿನ ರೂಪಾಂತರಗಳು ಈ ಗಡ್ಡೆಗಳಲ್ಲಿ ಪತ್ತೆಯಾದವು. ಕೆಲವರಲ್ಲಿ ಕ್ಯಾನ್ಸರ್ ಇದರೊಳಗೇ ಅಡಗಿರಬಹುದಾದ್ದರಿಂದ ತೆಗೆದ ತುಣುಕುಗಳೆಲ್ಲವನ್ನೂ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ವರ್ಷಗಳ ನಂತರವೂ ಮರುಕಳಿಸುವುದುಂಟು. ಹಾಗಾಗಿ ಮೂಗು ಸಲೀಸಾಗಿ ಉಸಿರಾಡುತ್ತಿದ್ದರೂ ಎಂಡೋಸ್ಕೋಪಿ ತಪಾಸಣೆಗೆ ಬರುತ್ತಲೇ ಇರಬೇಕೆಂದು ವೈದ್ಯರು ಹೇಳುತ್ತಾರೆ.