ಪದ ಪರಿಚಯ: ಖಾಸಗಿ ಕಾಗದಪತ್ರ

ಕನ್ನಡದಲ್ಲಿ ‘ಕಾಗದ’ ಅಂದರೆ ಬರೆಯುವ ಹಾಳೆಯೂ ಹೌದು, ಅಂಚೆಯಲ್ಲಿ ಬರುವ ಪತ್ರವೂ ಹೌದು. ಪತ್ರಾಗಾರದವರು, ಅಂದರೆ ಹಳೆಯ ದಾಖಲೆಗಳನ್ನು ಕಾಪಾಡಿಡುವವರು, ‘ಪರ್ಸನಲ್ ಪೇಪರ್ಸ್’ ಅನ್ನುವುದಕ್ಕೆ ‘ಖಾಸಗಿ ಕಾಗದಪತ್ರ’ ಚೆನ್ನಾಗಿ ಒಪ್ಪುವುದು ಅದಕ್ಕೇ. ಸುಮ್ನೆ ‘ಪೇಪರ್’ ಅಂದರೆ ನಮಗೆ ಬೆಳಗಿನ ಪತ್ರಿಕೆಯೇ ನೆನಪಾಗುತ್ತದೆ, ಅಲ್ವಾ?

ಒಬ್ಬರು ಬರೆದದ್ದು, ಅವರಿಗೆ ಬಂದದ್ದು, ಅವರು ಎತ್ತಿಟ್ಟುಕೊಂಡದ್ದು, ಎಲ್ಲಕ್ಕೂ ಸೇರಿ ಈ ಹೆಸರು. ಅಚ್ಚಾದ ಪುಸ್ತಕ ಲೈಬ್ರರಿಗೆ ಹೋಗುತ್ತದೆ. ಅಚ್ಚಾಗುವ ಮುಂಚಿನದು, ಅಚ್ಚೇ ಆಗದೆ ಉಳಿದದ್ದು ಪತ್ರಾಗಾರಕ್ಕೆ ಬರುತ್ತದೆ.

ಲೇಖಕರ ಪೆಟ್ಟಿಗೆಯಲ್ಲಿ ಕರಡು, ಡೈರಿ, ಪ್ರಕಾಶಕರ ಪತ್ರಗಳು ಇರುತ್ತವೆ. ಅವರು ಕಲಾ ವಿಮರ್ಶಕರೂ ಆಗಿದ್ದರೆ ಮಜಾ ಜಾಸ್ತಿ. ಪ್ರದರ್ಶನದ ಆಹ್ವಾನ ಪತ್ರಿಕೆ, ಗ್ಯಾಲರಿಯ ತೆಳು ಕೈಪಿಡಿ, ಚಿತ್ರಗಳ ಫೋಟೊ, ಸ್ಲೈಡು, ಕಲಾವಿದರ ಸ್ಟುಡಿಯೊದಲ್ಲಿ ಕೂತು ಗೀಚಿಕೊಂಡ ಟಿಪ್ಪಣಿ. ಬೇರೆಯವರು ಅವತ್ತೇ ಕಸಕ್ಕೆ ಹಾಕಿದ ಚೂರುಗಳಿವು. ಎಷ್ಟೋ ಸಲ ಮೂಲ ಚಿತ್ರ ಎಲ್ಲಿದೆಯೋ ಗೊತ್ತಿರುವುದಿಲ್ಲ, ವಿಮರ್ಶಕರ ಕಡತದಲ್ಲಿ ಅದರ ಫೋಟೊ ಸಿಗುತ್ತದೆ. ಇನ್ನು ಕರಡುಗಳಂತೂ ಚಾಡಿ ಹೇಳುತ್ತವೆ. ಅಚ್ಚಿನಲ್ಲಿ ಬರೀ ಹೊಗಳಿಕೆ, ಕರಡಿನಲ್ಲಿ ಹೊಡೆದುಹಾಕಿದ ಒಂದು ಖಾರದ ಸಾಲು!

ಇವನ್ನು ಜೋಡಿಸಿಡುವುದಕ್ಕೆ ನಿಯಮ ಇದೆ. 1841ರಲ್ಲಿ ಫ್ರಾನ್ಸ್ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಒಂದು ಸಂಸ್ಥೆ, ಒಂದು ಮನೆತನ ಅಥವಾ ಒಬ್ಬ ವ್ಯಕ್ತಿಯಿಂದ ಬಂದ ಕಾಗದಗಳು ಒಟ್ಟಿಗೇ ಇರಬೇಕು ಅಂತ ಅದು ಹೇಳಿತು. ಇಂಥ ಒಂದು ಗುಂಪಿಗೆ ಫ್ರೆಂಚರು ‘ಫೋಂ’ ಅನ್ನುತ್ತಾರೆ. ಮೂಲದಲ್ಲಿ ಯಾವ ಕ್ರಮದಲ್ಲಿತ್ತೋ ಅದನ್ನೂ ಕೆಡಿಸಬಾರದು ಅನ್ನುವುದು ಆಮೇಲೆ ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯಾದಲ್ಲಿ ಗಟ್ಟಿಯಾಯಿತು. ವಿಷಯವಾರು ಬಿಡಿಸಿಟ್ಟರೆ ಹುಡುಕೋದು ಸುಲಭವಲ್ಲವೇ ಅನ್ನಿಸಬಹುದು. ಆದರೆ ಯಾವ ಪತ್ರದ ಪಕ್ಕ ಯಾವ ಕೈಪಿಡಿ ಇತ್ತು ಅನ್ನುವುದೂ ಒಂದು ಸಾಕ್ಷಿ. ಬಿಡಿಸಿದರೆ ಅದು ಹೋಯಿತು.

ಅಳತೆಯೂ ವಿಚಿತ್ರ. ಪುಟ ಎಣಿಸುವುದಿಲ್ಲ, ಕಪಾಟಿನಲ್ಲಿ ಎಷ್ಟು ಉದ್ದ ಜಾಗ ಹಿಡಿಯುತ್ತದೆ ಅಂತ ಮೀಟರಿನಲ್ಲೋ ಅಡಿಯಲ್ಲೋ ಹೇಳುತ್ತಾರೆ. ಯಾವ ಪೆಟ್ಟಿಗೆಯಲ್ಲಿ ಏನಿದೆ ಅಂತ ತಿಳಿಸಲು ಒಂದು ಶೋಧಸೂಚಿ ಇರುತ್ತದೆ.

ಒಂದು ತೊಡಕೂ ಇದೆ. ಬಂದ ಪತ್ರ ಪಡೆದವರ ಸ್ವತ್ತು. ಅದರೊಳಗಿನ ಮಾತಿನ ಹಕ್ಕು ಮಾತ್ರ ಸಾಮಾನ್ಯವಾಗಿ ಬರೆದವರದು. ಹಾಗಾಗಿ ಓದೋಕೆ ಬಿಟ್ಟರು ಅಂದ ಮಾತ್ರಕ್ಕೆ ಅಚ್ಚು ಹಾಕಿಸುವಂತಿಲ್ಲ. ಕೆಲವು ಪೆಟ್ಟಿಗೆಗಳನ್ನು ಇಷ್ಟು ವರ್ಷ ತೆರೆಯಬಾರದು ಅಂತ ಕೊಟ್ಟವರೇ ಷರತ್ತು ಹಾಕಿರುತ್ತಾರೆ.

ಅಮೆರಿಕದ ಕ್ಲೆಮೆಂಟ್ ಗ್ರೀನ್‌ಬರ್ಗ್ ಮತ್ತು ಹೆರಾಲ್ಡ್ ರೋಸೆನ್‌ಬರ್ಗ್ ಕಲಾ ವಿಮರ್ಶೆಯ ಹೆಸರಾಂತ ಎದುರಾಳಿಗಳು. ನ್ಯೂಯಾರ್ಕಿನ ಅಮೂರ್ತ ಚಿತ್ರಕಾರರನ್ನು ಹೇಗೆ ನೋಡಬೇಕು ಅನ್ನುವುದರಲ್ಲಿ ಇಬ್ಬರಿಗೂ ಹೊಂದಿಕೆಯಾಗಲೇ ಇಲ್ಲ. ಈಗ ಇಬ್ಬರ ಕಾಗದಪತ್ರಗಳೂ ಲಾಸ್ ಏಂಜಲೀಸ್‌ನ ಗೆಟ್ಟಿ ಸಂಶೋಧನಾ ಸಂಸ್ಥೆಯಲ್ಲೇ ಇವೆ. ಬೇರೆ ಬೇರೆ ಪೆಟ್ಟಿಗೆಗಳಲ್ಲಿ, ಅನ್ನಿ. ಬೆರೆಸಬಾರದು ಅಂತ ನಿಯಮ ಇದೆಯಲ್ಲ!